ಮಾಸ್ತರ ಟಪಾಲು: ಹೊಲದಾಗ ರೈಲು, ಗ್ವಾಡ್ಯಾಗ ಬಿರುಕು

ನಿಸಾರ್ ಉಪಗ್ರಹದ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಇಸ್ರೋ ಮತ್ತು ನಾಸಾ ಕೂಡಿ ಮಾಡಿದ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೆ ಹೋದ ರೇಡಾರ್ ಉಪಗ್ರಹ ಅದು. ನೆಲ ಸೆಂಟಿಮೀಟರಿನಷ್ಟು ಕದಲಿದರೂ 747 ಕಿಲೋಮೀಟರ್ ಎತ್ತರದಿಂದ ಹಿಡಿಯುತ್ತದೆ ಎಂದಿದ್ದೆ. ಅದಕ್ಕೆ ಬಂದ ಟಪಾಲು ನೋಡಿ ಸಂಪಾದಕರು ಈ ಸಲದ ಪುಟ ಪೂರ್ತಿ ರೇಡಾರಿಗೇ ಬಿಟ್ಟುಕೊಟ್ಟಿದ್ದಾರೆ. ಗ್ರಹಣ, ಮೊಬೈಲ್ ಟವರು, ಸೋಲಾರ್ ಹೀಟರ್ ಕುರಿತು ಕೇಳಿದವರು ಸ್ವಲ್ಪ ತಡೀರಿ.

ಪ್ರಶ್ನೆ: ಸರ್, ನಿಸಾರ್ ಕಳಿಸುವ ಅಲೆಯ ಉದ್ದ 24 ಸೆಂಟಿಮೀಟರ್ ಅಂತ ನೀವೇ ಬರೆದಿದ್ದೀರಿ. ಅಷ್ಟು ಉದ್ದದ ಅಲೆಯಿಂದ ಮಿಲಿಮೀಟರ್ ಲೆಕ್ಕದ ಚಲನೆ ಅಳೆಯೋದು ಹೆಂಗ? ರೇಡಾರಿನ ರೆಸಲ್ಯೂಷನ್ ಮೀಟರುಗಳಲ್ಲಿ ಇರ್ತದ ಅಂತ ನಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟಾರ.
(ಬಿ.ಇ. ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಎರಡೂ ಖರೇನೇ, ತಂಗೀ. ದೂರ ಅಳೆಯುವುದು ಒಂದು ಕೆಲಸ, ದೂರದಲ್ಲಾದ ಹೆಚ್ಚುಕಡಿಮೆ ಅಳೆಯುವುದು ಇನ್ನೊಂದು. ನಿಮ್ಮ ಸರ್ ಹೇಳಿಕೊಟ್ಟದ್ದು ಮೊದಲನೆಯದು. ಸ್ಪಂದ ಹೋಗಿ ಮರಳಿ ಬರಲು ಹಿಡಿದ ಹೊತ್ತಿನಿಂದ ದೂರ ತೆಗೆಯುತ್ತೇವೆ. ಒತ್ತಿಗಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕಾಣುವ ಶಕ್ತಿ ಅಲ್ಲಿ ಬ್ಯಾಂಡ್‌ವಿಡ್ತಿಗೆ, ಅಂದರೆ ಸ್ಪಂದ ಎಷ್ಟು ಅಗಲದ ಆವರ್ತನಗಳನ್ನು ಬಳಸುತ್ತದೆ ಎನ್ನುವುದಕ್ಕೆ ಕಟ್ಟುಬಿದ್ದದ್ದು. ನಿಸಾರ್‌ನ ಎಲ್-ಬ್ಯಾಂಡ್ ರೇಡಾರು (ನೀನು ಹೇಳಿದ 24 ಸೆಂಟಿಮೀಟರ್ ಅಲೆಯದು) ಹೆಚ್ಚೆಂದರೆ 80 ಮೆಗಾಹರ್ಟ್ಸ್ ಬಳಸುತ್ತದೆ. ಬೆಳಕಿನ ವೇಗವನ್ನು ಇದರ ಎರಡರಷ್ಟರಿಂದ ಭಾಗಿಸಿ ನೋಡು, ಎರಡು ಮೀಟರಿಗೆ ಚೂರು ಕಡಿಮೆ ಬರುತ್ತದೆ.

ಆದರೆ ಮರಳಿ ಬಂದ ಅಲೆ ತಾನು ಏರಿನಲ್ಲಿದ್ದೇನೆಯೋ ಇಳಿತದಲ್ಲಿದ್ದೇನೆಯೋ ಎಂಬ ಸುದ್ದಿಯನ್ನೂ ತರುತ್ತದಲ್ಲ, ಅದೇ ಫೇಸ್. ವಸ್ತು 12 ಸೆಂಟಿಮೀಟರ್ ಹಿಂದೆ ಸರಿಯಿತು ಅನ್ನು. ಹೋಗುವಾಗ 12, ಬರುವಾಗ 12, ಒಟ್ಟು ದಾರಿ 24 ಸೆಂಟಿಮೀಟರ್ ಬೆಳೆಯಿತು. ಫೇಸ್ ಪೂರ್ತಿ ಒಂದು ಸುತ್ತು, 360 ಡಿಗ್ರಿ ತಿರುಗಿತು. ಅಂದರೆ ಒಂದು ಮಿಲಿಮೀಟರಿಗೆ 3 ಡಿಗ್ರಿ. ಒಂದೇ ಜಾಗವನ್ನು ಎರಡು ಸಲ ನೋಡಿ, ಒಂದು ಫೇಸಿನಿಂದ ಇನ್ನೊಂದನ್ನು ಕಳೆದರೆ ಎಷ್ಟು ಸರಿಯಿತು ಎನ್ನುವುದು ಕೈಗೆ ಬಂತು. ಇಂಟರ್‌ಫೆರೋಮೆಟ್ರಿ ಅಂದರೆ ಇಷ್ಟೇ. ಉಳಿದದ್ದೆಲ್ಲ ಈ ವಜಾಬಾಕಿಯನ್ನು ಕೆಡಿಸುವ ಸಂಗತಿಗಳ ಜೊತೆ ಜಗಳ.

ಒಂದು ಕೊರತೆ ಇದೆ. ಎಷ್ಟು ಪೂರ್ತಿ ಸುತ್ತು ಆದವು ಎಂದು ಫೇಸ್ ಹೇಳುವುದಿಲ್ಲ. ನಮ್ಮ ಕಡೆ ಹಳೇ ಸರ್ವೇದವರು 33 ಫೂಟಿನ ಸರಪಳಿ ಎಳೆಯುತ್ತಿದ್ದರು, ಒಂದು ಸರಪಳಿಗೆ 16 ಆಣೆ. ಎಷ್ಟು ಸರಪಳಿ ಎಳೆದೆವು ಎಂದು ಬರೆಯದೆ ಕೊನೆಯ ಆಣೆಗಳನ್ನಷ್ಟೇ ಬರೆದುಕೊಂಡು ಬಂದರೆ ಏನಾಗುತ್ತದೋ ಇದೂ ಹಾಗೇ. ಹೊಲ ಎಷ್ಟು ಉದ್ದ ಎಂದು ತಿಳಿಯದು. ಬದುವಿನ ಕಲ್ಲು ಹೋದ ವರ್ಷಕ್ಕಿಂತ ಎರಡು ಆಣೆ ಆಚೆ ಸರಿದಿದೆ ಎನ್ನುವುದು ಮಾತ್ರ ಪಕ್ಕಾ ತಿಳಿಯುತ್ತದೆ. ಅದೂ ಕಲ್ಲು ಸರಪಳಿಗಟ್ಟಲೆ ಸರಿಯದೇ ಇದ್ದರೆ. ಫೇಸ್ ಅರ್ಧ ಸುತ್ತು ದಾಟಿದರೆ ವಸ್ತು ಮುಂದೆ ಬಂತೋ ಹಿಂದೆ ಹೋಯಿತೋ ಎನ್ನುವುದೂ ಗೊಂದಲ. ಅದಕ್ಕೇ ಎರಡು ನೋಟಗಳ ನಡುವೆ ವಸ್ತು ಕಾಲು ಅಲೆಗಿಂತ ಹೆಚ್ಚು ಕದಲಬಾರದು, ನಿಸಾರ್‌ಗಾದರೆ 6 ಸೆಂಟಿಮೀಟರ್. ಹೀಗಾಗಿ ಎಷ್ಟು ಹೊತ್ತು ಬಿಟ್ಟು ಎರಡನೇ ಸಲ ನೋಡಬೇಕು ಎನ್ನುವುದೇ ಈ ವಿದ್ಯೆಯಲ್ಲಿ ದೊಡ್ಡ ತೀರ್ಮಾನ. ಇದರ ಮುಂದಿನ ಎರಡು ಪತ್ರಗಳಲ್ಲಿ ಒಂದಕ್ಕೆ ಮಿಲಿಸೆಕೆಂಡಿಗಿಂತ ಕಡಿಮೆ ಸಾಕು, ಇನ್ನೊಂದಕ್ಕೆ 12 ದಿನ ಬೇಕು.

ಪುಸ್ತಕ ಬದಿಗಿಟ್ಟು ಕಣ್ಣಾರೆ ನೋಡಬೇಕೆಂದರೆ ಎಚ್‌ಬಿ-100 ಎಂಬ ರೇಡಾರ್ ಮಾಡ್ಯೂಲ್ ತಂದುಕೋ. ತಾನೇ ತೆರೆಯುವ ಬಾಗಿಲುಗಳಲ್ಲಿ ಇರುವಂಥದ್ದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. 10.525 ಗಿಗಾಹರ್ಟ್ಸ್, ಅಲೆಯ ಉದ್ದ 28.5 ಮಿಲಿಮೀಟರ್. ಹೊರಬರುವ ಸಿಗ್ನಲ್ ತೀರ ಸಣ್ಣದು, ನಡುವೆ ಒಂದು ಆಂಪ್ಲಿಫೈಯರ್ ಹಾಕಿ, ಸಿಗ್ನಲನ್ನು ಗೆರೆಯಾಗಿ ತೋರಿಸುವ ಆಸಿಲ್ಲೋಸ್ಕೋಪಿಗೆ ಕೊಡು. ಎದುರಿಗೆ ಮೇಜಿನ ಮೇಲೆ ಒಂದು ಊಟದ ಸ್ಟೀಲ್ ತಾಟು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೆಲ್ಲಗೆ ಹತ್ತಿರ ತಳ್ಳು. ಗೆರೆ ಮೇಲೇರುತ್ತದೆ, ಕೆಳಗಿಳಿಯುತ್ತದೆ, ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಸ್ಕೇಲ್ ನೋಡು, 14 ಮಿಲಿಮೀಟರ್. ತಾಟು ತೆಗೆದು ಅದರ ಮುಂದೆ ನೀನೇ ಅಲ್ಲಾಡದೆ ಕುಳಿತರೆ ಉಸಿರಿನ ಜೊತೆ ಗೆರೆ ತೂಗುತ್ತದೆ. ತಾಟು ಹತ್ತಿರ ಬಂತೋ ದೂರ ಹೋಯಿತೋ ಎನ್ನುವುದು ಮಾತ್ರ ಈ ಒಂದೇ ಗೆರೆಯಿಂದ ತಿಳಿಯದು. ಅದಕ್ಕೆ 90 ಡಿಗ್ರಿ ಅಂತರದ ಎರಡು ಚಾನೆಲ್ ಬೇಕು. ದೊಡ್ಡ ರೇಡಾರುಗಳಲ್ಲಿ ಐ ಮತ್ತು ಕ್ಯೂ ಅಂತ ಇರುವುದು ಅದೇ.

ಪ್ರಶ್ನೆ: ಮಾಸ್ತರ್ರ, ನಾನು ಹುಲಕೋಟಿಯಿಂದ ಹುಬ್ಬಳ್ಳಿಗೆ ರೈಲಿನ್ಯಾಗ ಹೋಗಿ ಬರಾಂವ. ನನ್ನ ಅಳಿಯ ಉಪಗ್ರಹದ ಚಿತ್ರದ ಕೆಲಸ ಮಾಡ್ತಾನ. ರೇಡಾರ್ ಚಿತ್ರದಾಗ ಓಡೋ ರೈಲು ಹಳಿ ಬಿಟ್ಟು ದೂರ ಹೊಲದಾಗ ಕಾಣ್ತೈತಿ ಅಂದ. ಚಾಷ್ಟಿ ಮಾಡ್ಯಾನೋ, ಖರೇ ಹೇಳ್ಯಾನೋ?
(ದಿನದ ಪಾಸಿನವ, ಹುಲಕೋಟಿ)

ಉತ್ತರ: ಅಳಿಯಂದಿರು ಖರೇ ಹೇಳಿದ್ದಾರೆ. ಅದೂ ನಿಮ್ಮ ಹುಬ್ಬಳ್ಳಿ–ಗದಗ ಹಳಿ ಇದಕ್ಕೆ ಹೇಳಿ ಮಾಡಿಸಿದ್ದು. ಇಂಥ ಉಪಗ್ರಹಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಹಾರುತ್ತವೆ, ನೋಡುವುದು ಪಕ್ಕಕ್ಕೆ. ಕುಸುಗಲ್ಲ, ಹೆಬಸೂರ, ಅಣ್ಣಿಗೇರಿ ದಾಟಿ ನಿಮ್ಮೂರಿಗೆ ಬರುವ ಹಳಿ ಪೂರ್ವ–ಪಶ್ಚಿಮವಾಗಿ ಬಿದ್ದಿದೆ. ಅಂದರೆ ರೈಲು ಒಂದೋ ಉಪಗ್ರಹದ ಕಡೆ ಓಡುತ್ತಿರುತ್ತದೆ, ಇಲ್ಲವೇ ಅದಕ್ಕೆ ಬೆನ್ನು ಹಾಕಿ.

ಪಕ್ಕಕ್ಕೆ ಎಷ್ಟು ದೂರದಲ್ಲಿದೆ ಎನ್ನುವುದನ್ನು ಈ ರೇಡಾರು ಹೊತ್ತಿನಿಂದ ತಿಳಿಯುತ್ತದೆ. ಆದರೆ ಹಾರುವ ದಿಕ್ಕಿನಲ್ಲಿ ವಸ್ತು ಎಲ್ಲಿದೆ ಎನ್ನುವುದನ್ನು ಡಾಪ್ಲರ್‌ನಿಂದ ತೆಗೆಯುತ್ತದೆ. ಉಪಗ್ರಹ ಹತ್ತಿರ ಬರುವಾಗ ಮಾರ್ದನಿಯ ಆವರ್ತನ ಏರಿರುತ್ತದೆ, ದಾಟಿ ಹೋದ ಮೇಲೆ ಇಳಿಯುತ್ತದೆ, ಸರಿಯಾಗಿ ಎದುರಿಗಿದ್ದಾಗ ಈ ಏರಿಳಿತ ಸೊನ್ನೆ. ಈ ಏರಿಳಿತವೇ ಡಾಪ್ಲರ್. ನಿಂತ ನೆಲಕ್ಕೆ ಈ ಲೆಕ್ಕ ಸರಿ. ರೈಲು ತನ್ನದೇ ಓಟದ ಡಾಪ್ಲರನ್ನು ಇದಕ್ಕೆ ಸೇರಿಸಿಬಿಡುತ್ತದೆ, ಸೊನ್ನೆ ಬೀಳುವ ಹೊತ್ತು ಮುಂದೆ ಹೋಗುತ್ತದೆ ಅಥವಾ ಹಿಂದೆ ಬರುತ್ತದೆ. ಕಂಪ್ಯೂಟರಿಗೆ ಓಟದ ವಿಷಯ ಗೊತ್ತಿಲ್ಲ, ಹಾಗಾಗಿ ರೈಲನ್ನು ಉತ್ತರಕ್ಕೋ ದಕ್ಷಿಣಕ್ಕೋ ಒಯ್ದು ಕೂಡಿಸುತ್ತದೆ.

ಎಷ್ಟು ದೂರ ಅಂತೀರಾ? ರೈಲು ತಾಸಿಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ಓಡುತ್ತಿರಲಿ. ರೇಡಾರು ಓರೆಯಾಗಿ ಮೇಲಿಂದ ನೋಡುವುದರಿಂದ ಅದರ ದೃಷ್ಟಿಗೆ ಸಿಗುವುದು ಸುಮಾರು 12 ಮೀಟರ್. ನಡುವಿನ ದೂರ 900 ಕಿಲೋಮೀಟರ್, ಉಪಗ್ರಹದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಹಿಡಿಯಿರಿ. 900ನ್ನು 12ರಿಂದ ಗುಣಿಸಿ 7.5ರಿಂದ ಭಾಗಿಸಿದರೆ 1,440 ಮೀಟರ್. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮ್ ತುದಿಯಿಂದ ತುದಿಗೆ ನೀವು ನಡೆದಿದ್ದರೆ ಆ ದೂರ ಕಾಲಿಗೆ ಗೊತ್ತಿರುತ್ತದೆ. ರೈಲು ಹತ್ತಿರದ ಹಳಿಗಲ್ಲ, ಹತ್ತಿರದ ಊರಿನ ಹೊಲಕ್ಕೇ ಹೋಗಿರುತ್ತದೆ.

ಇದನ್ನು ಸರಿಮಾಡುವುದಕ್ಕೂ ಇಂಟರ್‌ಫೆರೋಮೆಟ್ರಿ ಬಳಸಬಹುದು. ಹಾರುವ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಎರಡು ಆಂಟೆನಾ ಇಡುತ್ತಾರೆ. ಮುಂದಿನದು ನೋಡಿದ ಜಾಗವನ್ನೇ ಹಿಂದಿನದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮತ್ತೆ ನೋಡುತ್ತದೆ. 2007ರಲ್ಲಿ ಹಾರಿದ ಜರ್ಮನಿಯ ಟೆರ್ರಾಸಾರ್-ಎಕ್ಸ್ ಉಪಗ್ರಹದಲ್ಲಿ 4.8 ಮೀಟರಿನ ಆಂಟೆನಾವನ್ನೇ ಮುಂದಿನ ಅರ್ಧ, ಹಿಂದಿನ ಅರ್ಧ ಎಂದು ಎರಡು ಮಾಡಿ ಬಳಸಿ ನೋಡಿದರು. ಎರಡು ನೋಟಗಳ ನಡುವೆ ಸುಮಾರು 0.16 ಮಿಲಿಸೆಕೆಂಡ್. ಅಷ್ಟರಲ್ಲಿ ನಮ್ಮ ರೈಲು ಹತ್ತಿರ ಹತ್ತಿರ 2 ಮಿಲಿಮೀಟರ್ ಸರಿಯುತ್ತದೆ. ಅಲ್ಲಿನ ಅಲೆ 3.1 ಸೆಂಟಿಮೀಟರ್ ಆದ್ದರಿಂದ ಫೇಸ್ 45 ಡಿಗ್ರಿಯಷ್ಟು ತಿರುಗುತ್ತದೆ. ಗಿಡ, ಮನೆ, ಬದು ಎಲ್ಲ ನಿಂತಲ್ಲೇ ನಿಂತಿರುವುದರಿಂದ ಅವುಗಳ ಫೇಸ್ ಬದಲಾಗದು, ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ ಮಾಯವಾಗುತ್ತವೆ. ಉಳಿಯುವುದು ಓಡುವಂಥವು. ಫೇಸಿನಿಂದ ವೇಗ ಬಂತು, ವೇಗದಿಂದ ಎಷ್ಟು ಪಕ್ಕಕ್ಕೆ ಹೋಗಿದೆ ಎನ್ನುವುದು ಬಂತು, ರೈಲನ್ನು ಎತ್ತಿ ಹಳಿಯ ಮೇಲೆ ಇಟ್ಟರಾಯಿತು.

ಈ ಉಪಾಯ ಮೊದಲು ಹುಟ್ಟಿದ್ದು ರೈಲಿಗಲ್ಲ, ನೀರಿಗೆ. ಅಮೆರಿಕದ ವಿಜ್ಞಾನಿಗಳಾದ ರಿಚರ್ಡ್ ಗೋಲ್ಡ್‌ಸ್ಟೈನ್ ಮತ್ತು ಹೊವಾರ್ಡ್ ಜೆಬ್ಕರ್ ವಿಮಾನದ ಮೈಗೆ ಎರಡು ಆಂಟೆನಾ ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿನ ಸೆಳೆತ ಅಳೆದರು, 1987ರಲ್ಲಿ ಪ್ರಕಟಿಸಿದರು. ನೀರು ನಿಧಾನ, ಹಾಗಾಗಿ ಅಲ್ಲಿ ಎರಡು ನೋಟಗಳ ನಡುವೆ ಹೆಚ್ಚು ಹೊತ್ತು ಬಿಡಬಹುದು. ಅಷ್ಟೇ ಹೊತ್ತು ರೈಲಿಗೆ ಬಿಟ್ಟರೆ ಫೇಸ್ ಎಷ್ಟೋ ಸುತ್ತು ತಿರುಗಿ ಲೆಕ್ಕ ಹಳ್ಳ ಹಿಡಿಯುತ್ತದೆ.

ಪ್ರಶ್ನೆ: ನಮ್ಮದು ನರಗುಂದ ತಾಲೂಕ, ಎರಿ ನೆಲ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಕಾಲು ಸಿಗೂವಂಥಾ ಬಿರುಕು. ಮನಿ ಗ್ವಾಡಿ ಸೀಳ್ಯಾವ. ನೆಲದಾಗ ಕಾಳು ತುಂಬಿಡೂ ಹಳೇ ಹಗೇವು ಕುಸದು ಓಣ್ಯಾಗ ತಗ್ಗು ಬಿದ್ದದ್ದೂ ನೋಡೀವಿ. ನಿಮ್ಮ ಉಪಗ್ರಹ ಇದನ್ನ ಮುಂಚೇಕ ಹೇಳತೈತೇನ್ರಿ?
(ಒಕ್ಕಲಿಗ, ನರಗುಂದ ತಾಲೂಕು)

ಉತ್ತರ: ಎರಡು ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿ ಕಳಿಸಿದ್ದೀರಿ, ಅಣ್ಣಾರ. ಬಿಡಿಸಿ ಹೇಳುತ್ತೇನೆ.

ಎರಿ ನೆಲದ್ದು ಮೊದಲು. ರೇಡಾರ್ ಇಂಟರ್‌ಫೆರೋಮೆಟ್ರಿಯಿಂದ ನೆಲದ ಚಲನೆ ಅಳೆದ ಮೊಟ್ಟಮೊದಲ ಕೆಲಸಗಳಲ್ಲಿ ಒಂದು ಆದದ್ದೇ ನಿಮ್ಮಂಥ ಹೊಲಗಳ ಮೇಲೆ. 1978ರಲ್ಲಿ ಅಮೆರಿಕ ಸೀಸ್ಯಾಟ್ ಎಂಬ ಉಪಗ್ರಹ ಹಾರಿಸಿತು. ನೂರು ದಿನ ದಾಟುವಷ್ಟರಲ್ಲಿ ಕರೆಂಟಿನ ದೋಷದಿಂದ ಅದು ಸತ್ತುಹೋಯಿತು, ಆದರೆ ಬಿಟ್ಟುಹೋದ ಚಿತ್ರಗಳಿದ್ದವಲ್ಲ. ಆಂಡ್ರ್ಯೂ ಗೇಬ್ರಿಯಲ್ ಜೊತೆ ಮೇಲೆ ಹೇಳಿದ ಗೋಲ್ಡ್‌ಸ್ಟೈನ್, ಜೆಬ್ಕರ್ ಸೇರಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಚಿತ್ರಗಳ ಫೇಸ್ ಕಳೆದು ನೋಡಿದರು. ಕಾಲುವೆ ನೀರಿನಲ್ಲಿ ಬೆಳೆ ತೆಗೆಯುವ ಸೀಮೆ ಅದು. ಅಲ್ಲಿ ಕಂಡ ಸೆಂಟಿಮೀಟರ್ ಲೆಕ್ಕದ ಚಲನೆಗೆ ನೀರು ಕುಡಿದು ಉಬ್ಬಿದ ಜೇಡಿಮಣ್ಣು ಕಾರಣ ಎಂದು ಗುರುತಿಸಿ 1989ರಲ್ಲಿ ಬರೆದರು. ಮಲಪ್ರಭಾ ಕಾಲುವೆಯ ನೀರು ಬಿಟ್ಟಾಗ ನಿಮ್ಮ ಹೊಲ ಮಾಡುವುದೂ ಇದನ್ನೇ. ನಮ್ಮ ಎರಿಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಪದರುಪದರಾಗಿದೆ. ಪದರುಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಸೀಸ್ಯಾಟ್ ಬಳಸಿದ ಅಲೆಯ ಉದ್ದ 23.5 ಸೆಂಟಿಮೀಟರ್, ನಿಸಾರ್‌ನದು 24. ವಿದ್ಯೆ ಹಳೆಯದು, ಅಲೆಯೂ ಹಳೆಯದೇ. ಈಗ 12 ದಿನಕ್ಕೊಮ್ಮೆ ತಪ್ಪದೆ ಅದೇ ದಾರಿಯಲ್ಲಿ ಬಂದು ನೋಡುತ್ತಾರೆ ಎನ್ನುವುದು ಹೊಸದು.

ಇನ್ನು ಕೆಡಿಸುವವರ ಪಟ್ಟಿ. ನೀವು ಹೊಲ ಹರಗಿದ ದಿನ ಆ ಹೊಲದ ಫೇಸ್ ಪೂರ್ತಿ ಅಳಿಸಿಹೋಗುತ್ತದೆ, ಯಾಕೆಂದರೆ ಪ್ರತಿ ಹೆಂಟೆಯೂ ಜಾಗ ಬದಲಿಸಿದೆ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಸಂಬಂಧ ಉಳಿಯದು. ಬೆಳೆ ಎದ್ದರೆ ಎಲೆಗಳು ಗಾಳಿಗೆ ಅಲ್ಲಾಡಿ ಅಲೆಯನ್ನು ಕಲಕುತ್ತವೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಐದೂವರೆ ಸೆಂಟಿಮೀಟರಿನ ಅಲೆಗೆ ಈ ಕಾಟ ಜಾಸ್ತಿ. 24 ಸೆಂಟಿಮೀಟರಿನದು ಎಲೆಗಳ ಸಂದಿಯಲ್ಲಿ ತೂರಿ ನೆಲ ಮುಟ್ಟುತ್ತದೆ, ಅದಕ್ಕೇ ಬಿಳಿಜೋಳ, ಕಡ್ಲಿ, ಹತ್ತಿ ಬೆಳೆಯುವ ನಮ್ಮಂಥ ಸೀಮೆಗೆ ನಿಸಾರ್ ಮೇಲು. ಮಳೆಗಾಲದ ಗಾಳಿಯಲ್ಲಿರುವ ನೀರಾವಿ ಅಲೆಯನ್ನು ತಡಮಾಡಿ, ಕದಲದ ನೆಲವನ್ನೂ ಕೆಲವು ಸೆಂಟಿಮೀಟರ್ ಕದಲಿದಂತೆ ತೋರಿಸುತ್ತದೆ. ಕೊನೆಯದು ಹೆಚ್ಚು ಕಿರಿಕಿರಿಯದು: ಮಣ್ಣಿನ ಹಸಿ ಬದಲಾದರೆ ಅಲೆ ಮಣ್ಣಿನೊಳಗೆ ಇಳಿಯುವ ಆಳವೂ ಬದಲಾಗಿ, ನೆಲ ಉಬ್ಬದಿದ್ದರೂ ಫೇಸ್ ಜರುಗುತ್ತದೆ. ನಮ್ಮ ಎರಿಯಲ್ಲಿ ಹಸಿಯಾಗುವುದೂ ಉಬ್ಬುವುದೂ ಒಟ್ಟಿಗೇ. ಒಂದು ಚಿತ್ರದ ಜೋಡಿ ಹಿಡಿದು "ನೆಲ ಇಷ್ಟು ಎದ್ದಿತು" ಎನ್ನುವವರ ಮಾತು ನಾನಂತೂ ನಂಬುವುದಿಲ್ಲ. ಹತ್ತಾರು ಚಿತ್ರಗಳ ಸಾಲು ಬೇಕು. ನರಗುಂದದ ಗುಡ್ಡದ ಬಂಡೆಯನ್ನು ಕದಲದ ಗುರುತಾಗಿ ಹಿಡಿದು, ಅದಕ್ಕೆ ಹೋಲಿಸಿ ಸುತ್ತಲಿನ ಊರುಗಳನ್ನು ಓದಬೇಕು. ಹಾಗೆ ಓದಿದರೆ ಊರಿನ ಯಾವ ಭಾಗ ವರ್ಷ ವರ್ಷವೂ ಏರಿಳಿಯುತ್ತಿದೆ, ಯಾವುದು ಇಳಿದು ಮತ್ತೆ ಏರುತ್ತಲೇ ಇಲ್ಲ ಎನ್ನುವುದು ಖಂಡಿತ ಕಾಣುತ್ತದೆ. ಮಣ್ಣಿನ ಮಾಳಿಗೆಗಿಂತ ತಗಡಿನ ಮನೆ, ಆರ್‌ಸಿಸಿ ಮೂಲೆಗಳು ಚೆನ್ನಾಗಿ ಹೊಳೆಯುತ್ತವೆ. (ಮೊದಲ ಪತ್ರದ ತಂಗೀ, ಸೆಂಟಿನೆಲ್ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದು ತಗೋ.)

ಇನ್ನೊಂದು ಮಾತು. ರೇಡಾರಿಗೆ ಕಾಣುವುದು ಅದರ ಕಡೆಗೆ ಬಂದ ಅಥವಾ ಅದರಿಂದ ದೂರ ಹೋದ ಚಲನೆ ಮಾತ್ರ. ನೆಲ ನೆಟ್ಟಗೆ 10 ಮಿಲಿಮೀಟರ್ ಎದ್ದರೆ ಓರೆ ನೋಟಕ್ಕೆ ಸುಮಾರು 8 ಸಿಗುತ್ತದೆ. ಗೋಡೆ ಉತ್ತರಕ್ಕೋ ದಕ್ಷಿಣಕ್ಕೋ ವಾಲಿದರೆ ಉಪಗ್ರಹ ಬಹುಮಟ್ಟಿಗೆ ಕುರುಡು.

ಹಗೇವಿನ ವಿಷಯ ಬೇರೆ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಕೆಲವು ಮೀಟರ್ ಅಗಲ. ಚಿತ್ರದ ಒಂದು ಚುಕ್ಕೆಯೇ ಅಷ್ಟಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಗೇವು ದಿನಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಕೂಡ್ರುವುದಿಲ್ಲ, ಒಂದು ಮಳೆಗೆ ಧೊಪ್ಪನೆ ಕುಸಿಯುತ್ತದೆ. 12 ದಿನಗಳ ನಡುವೆ ಮೀಟರ್‌ಗಟ್ಟಲೆ ಕುಸಿದದ್ದನ್ನು ಫೇಸ್ ಅಳೆಯಲಾರದು. ಉಪಗ್ರಹದ ದಾರಿ ಕಾಯಬೇಡಿ. ಹಗೇವು ಎಲ್ಲೆಲ್ಲಿ ಇದ್ದವೆಂದು ಓಣಿಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ, ಅಂಥ ಜಾಗಕ್ಕೆ ಬಚ್ಚಲ ನೀರು, ಗಟಾರ ನೀರು ಇಂಗದಂತೆ ನೋಡಿಕೊಳ್ಳಿ, ಪೊಳ್ಳು ಸಪ್ಪಳ ಬಂದರೆ ಅಗೆಸಿ ತುಂಬಿಸಿ.

ಗೋಡೆಯ ಬಿರುಕಿಗೆ ಉಪಗ್ರಹಕ್ಕಿಂತ ಅಗ್ಗದ ಅಳತೆ ಇದೆ. ಶಾಲೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಇಡುವ ಗಾಜಿನ ಸ್ಲೈಡ್ ತಂದು, ಬಿರುಕಿನ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆಯಿತೋ, ಬಿರುಕು ಇನ್ನೂ ಜೀವಂತ ಇದೆ. ಒಂದು ಮಳೆಗಾಲ, ಒಂದು ಬೇಸಿಗೆ ಗಾಜು ಹಾಗೇ ಉಳಿದರೆ ಸಿಮೆಂಟ್ ತುಂಬಿಸಬಹುದು. ಅದಕ್ಕೂ ಮುಂಚೆ ತುಂಬಿಸಿದವರು ವರ್ಷ ವರ್ಷ ತುಂಬಿಸುತ್ತಲೇ ಇರುತ್ತಾರೆ.

ಪ್ರಶ್ನೆ: ಸರ್ರ, ನಾನು ಬ್ಯಾಡಗಿ ಮೆಣಸಿನಕಾಯಿ ಲೋಡ್ ಹೊಡಿಯೋ ಡ್ರೈವರ್. ಹೈವೇದಾಗ ಸ್ಪೀಡ್ ಗನ್ ಬಾಜೂಕಿಂದ ಹಿಡದ್ರ ಕೆಲಸ ಮಾಡೂದಿಲ್ಲ ಅಂತಾರ. ಹೌದೇನ್ರಿ?
(ಲಾರಿ ಚಾಲಕ, ಹಾವೇರಿ)

ಉತ್ತರ: ಯಾಕೆ ಕೇಳುತ್ತಿದ್ದೀಯ ಅಂತ ಗೊತ್ತಾಯಿತು, ತಮ್ಮಾ. ಡಾಪ್ಲರ್ ಗನ್ನಿಗೆ ಕಾಣುವುದೂ ತನ್ನ ಕಡೆ ಬರುವ ವೇಗ ಮಾತ್ರ. 24 ಗಿಗಾಹರ್ಟ್ಸ್ ಗನ್ನಿಗೆ ನೇರ ಎದುರಿಗೆ ತಾಸಿಗೆ 72 ಕಿಲೋಮೀಟರಿನಲ್ಲಿ ಬಂದರೆ 3,200 ಹರ್ಟ್ಸಿನ ಡಾಪ್ಲರ್ ಸಿಗುತ್ತದೆ. 20 ಡಿಗ್ರಿ ಓರೆಯಿಂದ ಹಿಡಿದರೆ ಅದು ತೋರಿಸುವುದು 68ರ ಆಸುಪಾಸು, ನಿನಗೇ ಲಾಭ. ಪೂರ್ತಿ ಅಡ್ಡ ಹಾಯ್ದರೆ ಸೊನ್ನೆ. ಆದರೆ ಪೂರ್ತಿ ಅಡ್ಡ ಹಿಡಿಯುವಷ್ಟು ದಡ್ಡರು ಯಾರೂ ರಸ್ತೆ ಬದಿಗೆ ನಿಂತಿರುವುದಿಲ್ಲ. ಈಗ ಬಳಕೆಯಲ್ಲಿರುವ ಎಷ್ಟೋ ಗನ್ನುಗಳು ಲೇಸರಿನವು, ಅವುಗಳ ಲೆಕ್ಕ ಬೇರೆ.

ಅಡ್ಡ ಹಾಯುವುದನ್ನೂ ಹಿಡಿಯುವ ರೇಡಾರು ಉಂಟು. ಜೆಫ್ರಿ ನ್ಯಾಂಜರ್ ಎಂಬ ಅಮೆರಿಕದ ಎಂಜಿನಿಯರ್ 2010ರಲ್ಲಿ ಇದನ್ನು ಬರೆದರು, ಮೂಲ ಉಪಾಯ ನಕ್ಷತ್ರ ನೋಡುವ ರೇಡಿಯೋ ದೂರದರ್ಶಕಗಳದ್ದು. ಒಂದು ಮೀಟರ್ ಅಂತರದಲ್ಲಿ ಎರಡು ಆಂಟೆನಾ ಇಟ್ಟು ಎರಡರ ಸಿಗ್ನಲ್ ಗುಣಿಸಿದರೆ ಎದುರಿನ ಬಯಲು ಪಟ್ಟಿಪಟ್ಟಿಯಾಗಿ ಭಾಗವಾಗುತ್ತದೆ. ಅಲೆ 1.25 ಸೆಂಟಿಮೀಟರ್ ಆದರೆ 50 ಮೀಟರ್ ದೂರದಲ್ಲಿ ಒಂದೊಂದು ಪಟ್ಟಿ 62 ಸೆಂಟಿಮೀಟರ್ ಚಿಲ್ಲರೆ. ನಿನ್ನ ಲಾರಿ ಅದೇ 72ರಲ್ಲಿ ಅಡ್ಡ ಹಾಯ್ದರೆ ಸೆಕೆಂಡಿಗೆ 32 ಪಟ್ಟಿ ದಾಟುತ್ತದೆ, ಔಟ್‌ಪುಟ್ 32 ಹರ್ಟ್ಸ್. ಎದುರು ಬಂದಾಗಿನ 3,200ರ ಮುಂದೆ ನೂರರಲ್ಲಿ ಒಂದು ಪಾಲು. ಅದಕ್ಕೇ ಹೆಚ್ಚು ಹೊತ್ತು ನೋಡಬೇಕು, ಇಲ್ಲವೇ ಆಂಟೆನಾ ದೂರ ದೂರ ಇಡಬೇಕು. ಡಾಪ್ಲರ್ ಮತ್ತು ಇದು ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಯಾವ ಕೋನದಿಂದ ಬಂದರೂ ಸಿಕ್ಕಿಬೀಳುತ್ತೀ.

ಪ್ರಶ್ನೆ: ಕಪ್ಪತಗುಡ್ಡದ ಗಾಳಿ ಫ್ಯಾನುಗಳು ರೇಡಾರಿಗೆ ಮಳೆ ಮೋಡದಂತೆ ಕಾಣುತ್ತವಂತೆ ನಿಜವೇ? ಹಾಗಿದ್ದರೆ ನಿಸಾರ್‌ಗೂ ತೊಂದರೆಯೇ?
(ಓದುಗರು, ಡಂಬಳ)

ಉತ್ತರ: ಹವಾಮಾನದ ಡಾಪ್ಲರ್ ರೇಡಾರು ಹತ್ತಿರವಿದ್ದರೆ ಹೌದು. ನಿಂತ ಗುಡ್ಡ, ಕಟ್ಟಡಗಳನ್ನು ಅದು ಸೋಸಿ ತೆಗೆದುಹಾಕುತ್ತದೆ. ದೊಡ್ಡ ಫ್ಯಾನಿನ ರೆಕ್ಕೆಯ ತುದಿ ಸೆಕೆಂಡಿಗೆ 70–80 ಮೀಟರ್ ಓಡುವುದರಿಂದ ಜರಡಿಯಲ್ಲಿ ನಿಲ್ಲದು. ನಿಸಾರ್‌ಗೆ ಅಂಥ ತೊಂದರೆಯಿಲ್ಲ; ರೆಕ್ಕೆಗಳು ಚಿತ್ರದಲ್ಲಿ ಕಲಸಿಹೋಗಿ ಗೆರೆಯಾಗುತ್ತವೆ, ಕಂಬ ಮಾತ್ರ ಹೊಳೆಯುತ್ತದೆ. ಹೊಳೆಯಿತೆಂದು ಅದನ್ನು ಕದಲದ ಗುರುತಾಗಿ ಹಿಡಿಯಬಾರದು. ಜೋರು ಗಾಳಿಗೆ ಕಂಬದ ತಲೆ ತೂಗುತ್ತದೆ. ಬುಡದ ಬಂಡೆ ಹಿಡಿಯಿರಿ.